ದೇಹದೊಳಗಿನ ರೇಡಿಯೊ: ಪೇಸ್‌ಮೇಕರ್ ಮಾತನಾಡುವಾಗ ಮೈಯ ಮಾಂಸ, ಕೊಬ್ಬು, ನೀರು ಏನು ಮಾಡುತ್ತವೆ?

ಪ್ರಶ್ನೆ: ನನ್ನ ತಂದೆಯವರಿಗೆ 68 ವರ್ಷ. ಮೂರು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಅವರ ಎಡ ಎದೆಯ ಮೇಲ್ಭಾಗದಲ್ಲಿ ಪೇಸ್‌ಮೇಕರ್ ಅಳವಡಿಸಿದರು. ಮನೆಗೆ ಒಂದು ಮಾನಿಟರ್ ಪೆಟ್ಟಿಗೆ ಕೊಟ್ಟಿದ್ದಾರೆ. ರಾತ್ರಿ ಅವರು ಮಲಗಿದ್ದಾಗ ಅದು ತಾನಾಗಿಯೇ ಪೇಸ್‌ಮೇಕರ್‌ನಿಂದ ಮಾಹಿತಿ ಪಡೆದು ಆಸ್ಪತ್ರೆಗೆ ಕಳಿಸುತ್ತದಂತೆ. ನಾವಿರುವುದು ತೀರ್ಥಹಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ. ವಾರಕ್ಕೆ ಮೂರು ನಾಲ್ಕು ದಿನ ಮಾಹಿತಿ ಬಂದಿಲ್ಲವೆಂದು ಆಸ್ಪತ್ರೆಯಿಂದ ಫೋನ್ ಬರುತ್ತದೆ. ಅಪ್ಪ ಸ್ವಲ್ಪ ದಪ್ಪಗಿದ್ದಾರೆ. ಮೈಯ ಕೊಬ್ಬು ತರಂಗಗಳನ್ನು ತಡೆಯುತ್ತದೆಯೇ? ಹೃದಯದ ಪಕ್ಕದಲ್ಲೇ ರೇಡಿಯೊ ಕೆಲಸ ಮಾಡಿದರೆ ಒಳಗೆ ಸುಡುವುದಿಲ್ಲವೇ ಎಂದು ಅಮ್ಮನಿಗೆ ಭಯ. ಅವರೇ ಪೆಟ್ಟಿಗೆಯನ್ನು ರಾತ್ರಿ ಆರಿಸುತ್ತಿರಬಹುದೆಂಬ ಅನುಮಾನವೂ ನನಗಿದೆ. ಇದರ ನಡುವೆ ಅಪ್ಪನ ಎಡ ಭುಜ ಬಿಗಿದುಕೊಂಡಿದೆ. ಫಿಸಿಯೊಥೆರಪಿಯವರು ಭುಜಕ್ಕೆ ‘ಕರೆಂಟ್ ಶಾಖ’ ಕೊಡೋಣ ಎನ್ನುತ್ತಿದ್ದಾರೆ. ಕೊಡಿಸಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಆ ‘ಕರೆಂಟ್ ಶಾಖ’ ಎಂಬುದು ಶಾರ್ಟ್‌ವೇವ್ ಡಯಾಥರ್ಮಿ, ಅಂದರೆ ರೇಡಿಯೊ ತರಂಗದಿಂದ ಮೈಯ ಒಳಗನ್ನು ಬಿಸಿ ಮಾಡುವ ಚಿಕಿತ್ಸೆ ಆಗಿದ್ದರೆ ಖಂಡಿತ ಕೊಡಿಸಬೇಡಿ. ಭುಜಕ್ಕೆ ಮಾತ್ರವಲ್ಲ, ಮೊಣಕಾಲಿಗೂ ಬೇಡ, ಸೊಂಟಕ್ಕೂ ಬೇಡ. ಬಿಸಿನೀರಿನ ಚೀಲದ ಶಾಖ, ವ್ಯಾಯಾಮ, ಕೈಯಿಂದ ಮಾಡಿಸುವ ಚಲನೆ ಇವುಗಳಿಗೆ ಪೇಸ್‌ಮೇಕರ್‌ನಿಂದ ಅಡ್ಡಿಯಿಲ್ಲ. ಎಷ್ಟು ಎತ್ತರಕ್ಕೆ ಕೈ ಎತ್ತಬಹುದೆಂಬುದನ್ನು ಮಾತ್ರ ನಿಮ್ಮ ಹೃದ್ರೋಗ ತಜ್ಞರನ್ನು ಕೇಳಿಕೊಳ್ಳಿ. ಡಯಾಥರ್ಮಿ ಏಕೆ ಬೇಡವೆಂಬುದನ್ನು ಮುಂದೆ ವಿವರಿಸುತ್ತೇನೆ. ಅಮ್ಮನವರ ಭಯಕ್ಕೂ ಡಯಾಥರ್ಮಿಯ ಅಪಾಯಕ್ಕೂ ಮೂಲ ಒಂದೇ ಎಂಬುದು ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡ ವಿಶೇಷ. ಮೈಯ ಅಂಗಾಂಶವು ರೇಡಿಯೊ ತರಂಗವನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡದ್ದು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಬಿಸಿಯಾಗುತ್ತದೆ. ಸಂದೇಶದ ಲೆಕ್ಕದಲ್ಲಿ ಖರ್ಚು ಎಂದು ಬರೆದದ್ದೇ ಶಾಖದ ಲೆಕ್ಕದಲ್ಲಿ ಜಮೆಯಾಗುತ್ತದೆ. ಭಯಪಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಆ ಮೊತ್ತ ಎಷ್ಟೆಂಬುದು. ಅಮ್ಮನವರು ಹೆದರಿರುವ ಕಡೆ ಮೊತ್ತ ತೀರ ಸಣ್ಣದು. ಯಾರೂ ಹೆದರದ ಕಡೆ ದೊಡ್ಡದು.

ಅಂಗಾಂಶವೆಂದರೆ ರೇಡಿಯೊದ ದೃಷ್ಟಿಯಲ್ಲಿ ಬಹುಮಟ್ಟಿಗೆ ಉಪ್ಪುನೀರು. ಇದು ಅಲಂಕಾರದ ಮಾತಲ್ಲ. ಪ್ರಯೋಗಾಲಯದಲ್ಲಿ ನಾವು ಅಳವಡಿಕೆ ಸಾಧನಗಳ ಆಂಟೆನಾಗಳನ್ನು ಪರೀಕ್ಷಿಸುವುದು ಮನುಷ್ಯರ ಮೇಲಲ್ಲ. ನೀರು, ಸಕ್ಕರೆ, ಉಪ್ಪು ಬೆರೆಸಿ ಗಟ್ಟಿ ಮಾಡಿದ ಜೆಲ್‌ನಲ್ಲಿ. 400 ಮೆಗಾಹರ್ಟ್ಸ್ ಸುತ್ತಮುತ್ತ ಚರ್ಮ ಅಥವಾ ಸ್ನಾಯುವನ್ನು ಹೋಲುವ ದ್ರವ ಬೇಕಾದರೆ ನೀರೂ ಸಕ್ಕರೆಯೂ ಹೆಚ್ಚುಕಡಿಮೆ ಸಮಸಮ, ಉಪ್ಪು ನೂರಕ್ಕೆ ಎರಡು ಪಾಲಿನಷ್ಟು. ಶುದ್ಧ ನೀರಿನ ಪರ್ಮಿಟಿವಿಟಿ (ತರಂಗದ ವಿದ್ಯುತ್‌ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆಂಬುದರ ಅಳತೆ) 80ರ ಹತ್ತಿರ ಇರುವುದರಿಂದ ಅದನ್ನು ಕೆಳಗಿಳಿಸಲು ಸಕ್ಕರೆ, ವಿದ್ಯುತ್ತು ಹರಿಯುವ ಗುಣವನ್ನು ಏರಿಸಲು ಉಪ್ಪು. ಮೊದಲ ಬಾರಿ ಈ ಪಾನಕವನ್ನು ಮಾಡಿ ಮುಚ್ಚಳ ಸರಿಯಾಗಿ ಹಾಕದೆ ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಮೇಜಿನಿಂದ ಗೋಡೆಯವರೆಗೆ ಇರುವೆಗಳ ಸಾಲು. ಅದೇ ದಿನ ಇನ್ನೊಂದು ಪಾಠವೂ ಆಯಿತು. ಗಾಳಿಯಲ್ಲಿ 403 ಮೆಗಾಹರ್ಟ್ಸ್‌ಗೆ ಸರಿಯಾಗಿ ಕೂರಿಸಿದ್ದ ಪುಟ್ಟ ಆಂಟೆನಾವನ್ನು ಆ ಜೆಲ್‌ನಲ್ಲಿ ಮುಳುಗಿಸಿದ ಕೂಡಲೇ, ಮಳೆಗಾಲದಲ್ಲಿ ಮೃದಂಗದ ಶ್ರುತಿ ಇಳಿಯುವ ಹಾಗೆ, ಅದರ ಆವೃತ್ತಿ ಬಹಳ ಕೆಳಗೆ ಜಾರಿಬಿಟ್ಟಿತ್ತು. ಸುತ್ತಲಿನ ವಸ್ತುವೂ ಆಂಟೆನಾದ ಒಂದು ಭಾಗವೇ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಉಪಕರಣದ ಪರದೆಯ ಮೇಲೆ ಕಂಡದ್ದು ಅಂದೇ.

ಹೀಗಾಗುವುದಕ್ಕೆ ಎರಡು ಕಾರಣಗಳಿವೆ. ನೀರಿನ ಅಣುವಿನ ಒಂದು ತುದಿ ತುಸು ಧನ, ಇನ್ನೊಂದು ತುದಿ ತುಸು ಋಣ. ತರಂಗದ ವಿದ್ಯುತ್‌ಕ್ಷೇತ್ರ ದಿಕ್ಕು ಬದಲಿಸಿದಾಗಲೆಲ್ಲ ಆ ಅಣುಗಳು ಅದರ ಜೊತೆ ತಿರುಗಲು ಹೆಣಗುತ್ತವೆ. ಇದರಿಂದ ತರಂಗದ ವೇಗ ಕುಗ್ಗಿ, ಅದರ ಅಲೆಯ ಉದ್ದವೂ ಕುಗ್ಗುತ್ತದೆ: 403 ಮೆಗಾಹರ್ಟ್ಸ್ ತರಂಗ ಗಾಳಿಯಲ್ಲಿ ಸುಮಾರು 74 ಸೆಂ.ಮೀ. ಉದ್ದ, ಸ್ನಾಯುವಿನಲ್ಲಿ 9 ಸೆಂ.ಮೀ. ಆಸುಪಾಸು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಸಾಧನದೊಳಗೆ ಆಂಟೆನಾ ಹಿಡಿಸುವುದು ಈ ಕುಗ್ಗುವಿಕೆಯಿಂದಲೇ ಸಾಧ್ಯವಾಗಿದೆ, ಅಂದರೆ ದೇಹ ಇಲ್ಲಿ ಸ್ವಲ್ಪ ಉಪಕಾರವನ್ನೂ ಮಾಡುತ್ತದೆ. ಎರಡನೆಯ ಕಾರಣ ಉಪ್ಪು. ಸೋಡಿಯಂ, ಕ್ಲೋರೈಡ್ ಮೊದಲಾದ ಅಯಾನುಗಳು ಕ್ಷೇತ್ರದ ಎಳೆತಕ್ಕೆ ಸಿಕ್ಕಿ ಅತ್ತಿತ್ತ ಓಡಾಡುತ್ತ, ಸುತ್ತಲಿನ ಅಣುಗಳಿಗೆ ಢಿಕ್ಕಿ ಹೊಡೆದು, ತರಂಗದ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ. 403 ಮೆಗಾಹರ್ಟ್ಸ್‌ನಲ್ಲಿ ಸ್ನಾಯು ಪ್ರತಿ ಸೆಂಟಿಮೀಟರ್‌ಗೆ ಸುಮಾರು 1.7 ಡೆಸಿಬೆಲ್ ತಿನ್ನುತ್ತದೆ. ಬ್ಲೂಟೂತ್ ಮತ್ತು ವೈಫೈ ಇರುವ 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 4 ಡೆಸಿಬೆಲ್. ಡೆಸಿಬೆಲ್ ಲೆಕ್ಕ ಅಭ್ಯಾಸವಿಲ್ಲದವರಿಗೆ ಹೀಗೆ ಹೇಳಬಹುದು: 4 ಸೆಂ.ಮೀ. ದಪ್ಪದ ಸ್ನಾಯುವನ್ನು ದಾಟುವಷ್ಟರಲ್ಲಿ ಮೊದಲನೆಯ ತರಂಗದಲ್ಲಿ ಐದರಲ್ಲಿ ಒಂದು ಪಾಲು ಉಳಿದರೆ, ಎರಡನೆಯದರಲ್ಲಿ ಉಳಿಯುವುದು ಸುಮಾರು ನಲವತ್ತರಲ್ಲಿ ಒಂದು ಪಾಲು.

ಈಗ ಕೊಬ್ಬಿನ ವಿಷಯ. ಕೊಬ್ಬಿನಲ್ಲಿ ನೀರು ಕಡಿಮೆ, ಆದ್ದರಿಂದ ಅದರ ಹೀರುವಿಕೆಯೂ ಕಡಿಮೆ. ಸ್ನಾಯುವಿನ ಪರ್ಮಿಟಿವಿಟಿ 57ರಷ್ಟಿದ್ದರೆ ಕೊಬ್ಬಿನದು 6ನ್ನೂ ಮುಟ್ಟುವುದಿಲ್ಲ. ಸೆಂಟಿಮೀಟರ್‌ಗೆ ಅದು ತಿನ್ನುವುದು ಸ್ನಾಯು ತಿನ್ನುವುದರ ಆರನೆಯ ಒಂದು ಭಾಗದಷ್ಟು ಮಾತ್ರ. ಆದ್ದರಿಂದ ನಿಮ್ಮ ತಂದೆಯವರ ಮೈಕಟ್ಟನ್ನು ದೂರಬೇಕಾಗಿಲ್ಲ. ಮೇಲಾಗಿ ಪೇಸ್‌ಮೇಕರ್ ಇರುವುದು ಎದೆಗೂಡಿನ ಆಳದಲ್ಲಲ್ಲ. ಸಾಮಾನ್ಯವಾಗಿ ಕೊರಳೆಲುಬಿನ ಕೆಳಗೆ, ಎದೆಯ ದೊಡ್ಡ ಸ್ನಾಯುವಿನ ಮೇಲೆ, ಚರ್ಮ ಮತ್ತು ಕೊಬ್ಬಿನ ಒಂದೆರಡು ಸೆಂಟಿಮೀಟರ್ ಪದರದ ಅಡಿಯಲ್ಲಿ. ಕೊಬ್ಬು ತೊಂದರೆ ಕೊಡುವುದು ಇನ್ನೊಂದು ರೀತಿಯಲ್ಲಿ: ಸ್ನಾಯುವಿನಿಂದ ಕೊಬ್ಬಿಗೆ, ಕೊಬ್ಬಿನಿಂದ ಚರ್ಮಕ್ಕೆ, ಚರ್ಮದಿಂದ ಗಾಳಿಗೆ ಹೋಗುವ ಪ್ರತಿ ಗಡಿಯಲ್ಲೂ ತರಂಗದ ಒಂದು ಭಾಗ ಹಿಂದಕ್ಕೆ ಚಿಮ್ಮುತ್ತದೆ. ಸ್ನಾಯುವಿನಿಂದ ನೇರವಾಗಿ ಗಾಳಿಗೆ ಹೊರಟ ತರಂಗದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೆ ವಾಪಸಾಗುತ್ತದೆ. ಕೆರೆಯೊಳಗೆ ಮುಳುಗಿ ಕೂಗಿದವನ ದನಿ ದಂಡೆಯಲ್ಲಿ ನಿಂತವರಿಗೆ ಸರಿಯಾಗಿ ಕೇಳದಿರುವುದಕ್ಕೆ ನೀರಿನ ಆಳಕ್ಕಿಂತ ಮೇಲ್ಮೈಯೇ ಹೆಚ್ಚು ಕಾರಣ. ಇದೂ ಅದೇ ಜಾತಿಯ ತೊಂದರೆ. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಜೇಬಿನಂಥ ಆ ಜಾಗದಲ್ಲಿ ದ್ರವ ಸೇರಿಕೊಂಡು ಊದಿಕೊಂಡಿದ್ದರೆ ಸಂಪರ್ಕ ತುಸು ಬದಲಾಗಬಹುದು, ಗಾಯ ಮಾಗಿ ಸುತ್ತ ನಾರಿನ ಹೊದಿಕೆ ಬೆಳೆದ ಮೇಲೆ ಮತ್ತೆ ಬದಲಾಗಬಹುದು. ವಿನ್ಯಾಸ ಮಾಡುವವರು ಇಂಥ ಏರಿಳಿತಗಳಿಗೆ ಮೊದಲೇ ಜಾಗ ಬಿಟ್ಟಿರುತ್ತಾರೆ.

ಕಿವುಡರಿಗೆ ಕೇಳಿಸುವಂತೆ ಮಾಡಲು ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ನಲ್ಲಿ ಮಾತ್ರ ಪದರದ ದಪ್ಪ ನಿಜಕ್ಕೂ ಮುಖ್ಯವಾಗುತ್ತದೆ. ಅಲ್ಲಿ ಹೊರಗಿನ ಸುರುಳಿಯೂ ಚರ್ಮದಡಿಯ ಸುರುಳಿಯೂ ಅಯಸ್ಕಾಂತದ ಬಲದಿಂದ ಎದುರುಬದುರು ಅಂಟಿಕೊಂಡು, ಮಾತಿನ ಸಂಕೇತವನ್ನೂ ಒಳಗಿನ ಸಾಧನಕ್ಕೆ ಬೇಕಾದ ವಿದ್ಯುತ್ತನ್ನೂ ಕೆಲವು ಮೆಗಾಹರ್ಟ್ಸ್ ಅಥವಾ ಕೆಲವು ಹತ್ತು ಮೆಗಾಹರ್ಟ್ಸ್‌ಗಳ ಕಾಂತಕ್ಷೇತ್ರದ ಮೂಲಕ ದಾಟಿಸುತ್ತವೆ. ಅಂಗಾಂಶಕ್ಕೆ ಕಾಂತಗುಣ ಇಲ್ಲದ್ದರಿಂದ ಆ ಕ್ಷೇತ್ರಕ್ಕೆ ಅದು ಹೆಚ್ಚುಕಡಿಮೆ ಗಾಳಿಯಿದ್ದಂತೆಯೇ. ಆದರೆ ಸುರುಳಿಗಳ ನಡುವಿನ ದೂರ ಹೆಚ್ಚಿದಂತೆ ಹಿಡಿತ ಬಲು ಬೇಗ ಸಡಿಲಗೊಳ್ಳುತ್ತದೆ. ಚರ್ಮದ ಪದರ ಕೆಲವು ಮಿಲಿಮೀಟರ್ ದಪ್ಪವಾದರೂ ಹೊರಗಿನ ಯಂತ್ರದ ಬ್ಯಾಟರಿ ಬೇಗ ಖಾಲಿಯಾಗುವುದು, ಸುರುಳಿ ಜಾರಿ ಬೀಳುವುದು ಕಾಣಿಸಿಕೊಳ್ಳುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಈ ಸಾಧನ ಧರಿಸಿದ ಮಕ್ಕಳ ತಂದೆತಾಯಿಯರು ಅಯಸ್ಕಾಂತದ ಬಲ ಹೆಚ್ಚು ಕಡಿಮೆ ಮಾಡಿಸಿಕೊಳ್ಳುವುದು ಈ ಕಾರಣಕ್ಕೇ. ಬಹಳ ಬಿಗಿಯಾದರೆ ಚರ್ಮ ನೋಯುತ್ತದೆ, ಸಡಿಲವಾದರೆ ಮಾತು ಕಡಿಯುತ್ತದೆ.

ನಿಮ್ಮ ಮನೆಯ ಪೆಟ್ಟಿಗೆಗೆ ಬರೋಣ. ಅಳವಡಿಕೆ ಸಾಧನಗಳಿಗೆಂದು ಜಗತ್ತಿನ ಬಹುಪಾಲು ಕಡೆ 402ರಿಂದ 405 ಮೆಗಾಹರ್ಟ್ಸ್‌ವರೆಗಿನ ಆವೃತ್ತಿಗಳ ಪಟ್ಟಿಯನ್ನು ಮೀಸಲಿಟ್ಟಿದ್ದಾರೆ. ಅಮೆರಿಕ ಇದನ್ನು 1999ರಲ್ಲಿ ಮಾಡಿತು, ಭಾರತದಲ್ಲೂ ಈ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ವೈದ್ಯಕೀಯ ಸಾಧನಗಳಿಗೆ ಪರವಾನಗಿ ಬೇಡ. ಹೊರಸೂಸಬಹುದಾದ ಗರಿಷ್ಠ ಶಕ್ತಿ 25 ಮೈಕ್ರೋವ್ಯಾಟ್. 300 ಕಿಲೋಹರ್ಟ್ಸ್ ಅಗಲದ ಹತ್ತು ಕಾಲುವೆಗಳಿದ್ದು, ಸಾಧನಗಳು ಮೊದಲು ಕಿವಿಗೊಟ್ಟು ಕೇಳಿ, ಗಲಾಟೆ ಕಡಿಮೆ ಇರುವ ಕಾಲುವೆಯಲ್ಲಿ ಮಾತನಾಡುತ್ತವೆ. ಆಕಾಶಕ್ಕೆ ಹಾರಿಬಿಡುವ ಹವಾಮಾನ ಬಲೂನುಗಳ ಉಪಕರಣಗಳೂ ಇದೇ ನೆರೆಯಲ್ಲಿ ಮಾತನಾಡುವುದರಿಂದ ಈ ಎಚ್ಚರಿಕೆ. ಇನ್ನೂ ಕಡಿಮೆ ಆವೃತ್ತಿಗೆ ಹೋದರೆ ಮೈ ಹೀರುವುದು ಕಡಿಮೆಯಾಗುತ್ತದೆ, ಆದರೆ ಆಂಟೆನಾ ದೊಡ್ಡದಾಗಬೇಕು. ಮೇಲಕ್ಕೆ ಹೋದರೆ ಆಂಟೆನಾ ಚಿಕ್ಕದಾಗುತ್ತದೆ, ಆದರೆ ಮೈ ನುಂಗಿಬಿಡುತ್ತದೆ. 400ರ ಆಸುಪಾಸು ಈ ಎರಡರ ನಡುವಿನ ರಾಜಿ. ಕ್ಯಾಮೆರಾ ಇರುವ ಮಾತ್ರೆಯನ್ನು ನುಂಗಿಸಿ ಕರುಳಿನ ಚಿತ್ರ ತೆಗೆಯುವ ಕ್ಯಾಪ್ಸೂಲ್ ಎಂಡೊಸ್ಕೋಪಿ 2001ರಲ್ಲಿ ಬಳಕೆಗೆ ಬಂದಾಗ ಅದೂ 434 ಮೆಗಾಹರ್ಟ್ಸ್ ಸುತ್ತಲೇ ನಿಂತದ್ದು ಆಕಸ್ಮಿಕವಲ್ಲ. ಇತ್ತೀಚಿನ ಕೆಲವು ಪೇಸ್‌ಮೇಕರ್‌ಗಳು ಬ್ಲೂಟೂತ್ ಬಳಸಿ ನೇರವಾಗಿ ಮೊಬೈಲ್ ಫೋನಿನ ಜೊತೆ ಮಾತನಾಡುತ್ತವೆ. ಚರ್ಮದಡಿಯಲ್ಲೇ ಇರುವ ಸಾಧನಕ್ಕೆ ಆ ನಷ್ಟ ತಡೆದುಕೊಳ್ಳುವಂಥದ್ದು. ಹೊಟ್ಟೆಯ ಆಳದಲ್ಲಿರುವ ಸಾಧನಕ್ಕೆ ಅದನ್ನು ನಾನು ಆರಿಸುವುದಿಲ್ಲ.

ಒಂದೆರಡು ಸೆಂಟಿಮೀಟರ್ ಪದರ ದಾಟಿ ಹೊರಬಿದ್ದ ಸಂಕೇತಕ್ಕೆ ಎರಡು ಮೂರು ಮೀಟರ್ ದೂರ ಕಷ್ಟವೇನಲ್ಲ. ಕಷ್ಟವಾಗುವುದು ನಡುವೆ ಇಡೀ ಮುಂಡವೇ ಅಡ್ಡ ಬಂದಾಗ. ತಂದೆಯವರು ಎಡ ಮಗ್ಗುಲಾಗಿ ಅಥವಾ ಬೋರಲಾಗಿ ಮಲಗಿ, ಪೆಟ್ಟಿಗೆ ಅವರ ಬೆನ್ನ ಹಿಂದೆ ಇದ್ದರೆ, 20 ಸೆಂ.ಮೀ. ದಪ್ಪದ ದೇಹವನ್ನು ನೇರವಾಗಿ ಸೀಳಿಕೊಂಡು ಬರುವ ಸಂಕೇತ ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಆಗ ತಲುಪುವುದೆಲ್ಲ ಮೈಯನ್ನು ಬಳಸಿಕೊಂಡು ಬಂದದ್ದು, ಗೋಡೆಗೆ ಬಡಿದು ತಿರುಗಿ ಬಂದದ್ದು. ಆದ್ದರಿಂದ ಪೆಟ್ಟಿಗೆಯನ್ನು ಅವರು ಮುಖ ಮಾಡಿ ಮಲಗುವ ಕಡೆಗೆ, ಮಂಚದ ಎತ್ತರದಲ್ಲಿ, ಎರಡು ಮೀಟರ್ ಒಳಗೆ ಇಡಿ. ಪೆಟ್ಟಿಗೆಗೂ ಮಂಚಕ್ಕೂ ನಡುವೆ ಕಬ್ಬಿಣದ ಬೀರು ಇರಬಾರದು, ಸೊಳ್ಳೆಪರದೆಯಿಂದ ತೊಂದರೆಯಿಲ್ಲ.

ಆದರೆ ನಿಮ್ಮ ಪತ್ರ ಓದುವಾಗ ನನಗೆ ಮೊದಲು ಬಂದ ಸಂದೇಹ ಬೇರೆ. ಈ ವ್ಯವಸ್ಥೆಯಲ್ಲಿ ಕೊಂಡಿಗಳು ಎರಡು: ಪೇಸ್‌ಮೇಕರ್‌ನಿಂದ ಪೆಟ್ಟಿಗೆಗೆ ಒಂದು, ಪೆಟ್ಟಿಗೆಯಿಂದ ಆಸ್ಪತ್ರೆಗೆ ಇನ್ನೊಂದು. ಎರಡನೆಯದು ಹೆಚ್ಚಾಗಿ ಸಾಮಾನ್ಯ ಮೊಬೈಲ್ ಜಾಲದ ಮೂಲಕವೇ ಹೋಗುತ್ತದೆ. ಮಲೆನಾಡಿನ ಹಳ್ಳಿಯಲ್ಲಿ, ದಪ್ಪ ಗೋಡೆಯ ಹಳೆಯ ಮನೆಯ ಒಳಕೋಣೆಯಲ್ಲಿ, ಫೋನ್ ಮಾಡಲು ಅಂಗಳದ ಮೂಲೆಗೋ ಗುಡ್ಡದ ನೆತ್ತಿಗೋ ಹೋಗುವ ಊರಿನಲ್ಲಿ, ತಂದೆಯವರ ಮೈಯಿಂದ ಸರಿಯಾಗಿ ಬಂದ ಮಾಹಿತಿ ಪೆಟ್ಟಿಗೆಯಲ್ಲೇ ಕುಳಿತಿರುವ ಸಾಧ್ಯತೆ ಹೆಚ್ಚು. ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಈ ಎರಡು ಕೊಂಡಿಗಳಿಗೆ ಬೇರೆ ಬೇರೆ ದೀಪ ಅಥವಾ ಚಿಹ್ನೆ ಇರುತ್ತದೆ. ಜೊತೆಗೆ ಬಂದ ಪುಸ್ತಿಕೆಯಲ್ಲಿ ನೋಡಿ. ಸಂಕೇತದ ಗೆರೆಗಳು ಕಡಿಮೆ ಇದ್ದರೆ ಮಂಚವನ್ನೇ ಕಿಟಕಿಯ ಕಡೆ ಸರಿಸುವುದು, ಇಲ್ಲವೇ ಮನೆಯ ವೈಫೈ ಮೂಲಕ ಕಳಿಸುವ ಜೋಡಣೆ ನಿಮ್ಮ ಮಾದರಿಗೆ ಸಿಗುತ್ತದೆಯೇ ಎಂದು ಕ್ಲಿನಿಕ್‌ನಲ್ಲಿ ಕೇಳುವುದು ಪರಿಹಾರ. ಕರೆಂಟ್ ಹೋಗಿ ಪೆಟ್ಟಿಗೆ ಆರಿದ್ದರೂ ಮಾಹಿತಿ ಹೋಗುವುದಿಲ್ಲ. ಮಾಹಿತಿ ಹೋಗದ ದಿನವೂ ಪೇಸ್‌ಮೇಕರ್ ಹೃದಯಕ್ಕೆ ಮಾಡುವ ಕೆಲಸದಲ್ಲಿ ಒಂದಿನಿತೂ ವ್ಯತ್ಯಾಸವಾಗುವುದಿಲ್ಲ ಎಂಬುದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ. ರೇಡಿಯೊ ವರದಿಗಾರ ಮಾತ್ರ.

ಅಮ್ಮನವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ, ಲೆಕ್ಕ ಹಾಕಿ ತೋರಿಸುತ್ತೇನೆ. ದೇಹ ಹೀರಿಕೊಳ್ಳುವ ರೇಡಿಯೊ ಶಕ್ತಿಯನ್ನು ಕಿಲೋಗ್ರಾಮಿಗೆ ಇಷ್ಟು ವ್ಯಾಟ್ ಎಂದು ಅಳೆಯುತ್ತಾರೆ. ಇದಕ್ಕೆ ಎಸ್‌ಎಆರ್ ಎಂದು ಹೆಸರು. ಮೊಬೈಲ್ ಫೋನುಗಳಿಗೆ ಭಾರತ 2012ರಿಂದ ಅನುಸರಿಸುತ್ತಿರುವ ಮಿತಿ, 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್. ಪೇಸ್‌ಮೇಕರ್‌ನ ರೇಡಿಯೊ ಆಂಟೆನಾಕ್ಕೆ ಕೊಡುವ ಶಕ್ತಿ ಒಂದು ಮಿಲಿವ್ಯಾಟ್‌ಗಿಂತ ಕಡಿಮೆ. 0.4 ಮಿಲಿವ್ಯಾಟ್ ಎಂದು ಇಟ್ಟುಕೊಂಡು, ಅದಿಷ್ಟೂ ಒಂದೇ ಒಂದು ಗ್ರಾಂ ಅಂಗಾಂಶದಲ್ಲಿ ಹೀರಿಹೋಯಿತೆಂದು ಅತಿ ಕೆಟ್ಟ ಊಹೆ ಮಾಡಿದರೂ ಬರುವುದು ಕಿಲೋಗೆ 0.4 ವ್ಯಾಟ್, ಮಿತಿಯ ಕಾಲು ಭಾಗ. ಅದೂ ರಾತ್ರಿಯಲ್ಲಿ ಕೆಲವು ನಿಮಿಷ ಮಾತ್ರ. ಸುಮ್ಮನೆ ಮಲಗಿರುವ ಮನುಷ್ಯನ ಮೈ ತನ್ನ ಪಾಡಿಗೆ ತಾನು ಕಿಲೋಗೆ ಸುಮಾರು 1 ವ್ಯಾಟ್ ಶಾಖ ಹುಟ್ಟಿಸುತ್ತಿರುತ್ತದೆ. ಹೃದಯದ ಸ್ನಾಯುವಂತೂ ಅದರ ಇಪ್ಪತ್ತು ಪಟ್ಟಿನಷ್ಟು. ಹರಿಯುವ ರಕ್ತ ಆ ಶಾಖವನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. 4ಜಿ ಫೋನು ತನ್ನ ಪೂರ್ಣ ಶಕ್ತಿಯಲ್ಲಿ ಕಿವಿಯ ಪಕ್ಕ ಸೂಸುವ 200 ಮಿಲಿವ್ಯಾಟ್, ಪೇಸ್‌ಮೇಕರ್ ಮೈಯ ಹೊರಗೆ ಸೂಸಬಹುದಾದ ಆ 25 ಮೈಕ್ರೋವ್ಯಾಟ್‌ನ 8000 ಪಟ್ಟು.

ಪೇಸ್‌ಮೇಕರ್‌ಗೆ ಹೆಚ್ಚು ಕೂಗಲು ಶಕ್ತಿಯೂ ಇಲ್ಲ. ಸುಮಾರು 1 ಆಂಪಿಯರ್-ಗಂಟೆಯ ಪುಟ್ಟ ಲಿಥಿಯಂ ಬ್ಯಾಟರಿ ಹತ್ತು ವರ್ಷ ಬಾಳಬೇಕೆಂದರೆ ಸರಾಸರಿ ಖರ್ಚು 30 ಮೈಕ್ರೋವ್ಯಾಟ್ ಸುತ್ತ ಇರಬೇಕು. ರೇಡಿಯೊ ಎಚ್ಚರವಿದ್ದಾಗ ಎಳೆಯುವುದು ಕೆಲವು ಮಿಲಿಆಂಪಿಯರ್, ಅಂದರೆ ಆ ಸರಾಸರಿಯ ನೂರಾರು ಪಟ್ಟು. ಹಾಗಾಗಿ ಅದು ದಿನದ ಬಹುಪಾಲು ನಿದ್ದೆಯಲ್ಲಿರುತ್ತದೆ, ಪೆಟ್ಟಿಗೆ ಬಂದು ಎಬ್ಬಿಸಿದಾಗ ಅಥವಾ ನಿಗದಿತ ಹೊತ್ತಿಗೆ ಕಣ್ಣುಬಿಟ್ಟು, ಹೇಳುವುದನ್ನು ಹೇಳಿ ಮತ್ತೆ ಮಲಗುತ್ತದೆ. ಅಮ್ಮನವರು ಪೆಟ್ಟಿಗೆ ಆರಿಸಿದ್ದರೆ ಅದರಿಂದ ಹೃದಯಕ್ಕೆ ಯಾವ ರಕ್ಷಣೆಯೂ ಸಿಕ್ಕಿಲ್ಲ. ವೈದ್ಯರ ಕಣ್ಣಿಗೆ ಬಟ್ಟೆ ಕಟ್ಟಿದಂತಾಗಿದೆ, ಅಷ್ಟೇ.

ಶಾಖದ ಪ್ರಶ್ನೆ ಗಂಭೀರವಾಗುವುದು ಹೊರಗಿನಿಂದ ಒಳಕ್ಕೆ ಶಕ್ತಿಯನ್ನು ಕಳಿಸುವಾಗ. ಇದರ ಚರಿತ್ರೆ ಪೇಸ್‌ಮೇಕರ್‌ನಷ್ಟೇ ಹಳೆಯದು. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕ್ಯಾರೊಲಿನ್ಸ್ಕಾದಲ್ಲಿ ಶಸ್ತ್ರಚಿಕಿತ್ಸಕ ಓಕೆ ಸೆನ್ನಿಂಗ್ ಅವರು ಆರ್ನೆ ಲಾರ್ಸನ್ ಎಂಬವರಿಗೆ, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಸಾಧನವನ್ನು ಪೂರ್ತಿಯಾಗಿ ದೇಹದೊಳಗೆ ಇಟ್ಟರು. ಎಪಾಕ್ಸಿ ಅಂಟನ್ನು ಎರಕ ಹೊಯ್ಯಲು ಎಲ್ಮ್‌ಕ್ವಿಸ್ಟ್‌ಗೆ ಅಚ್ಚಾಗಿ ಸಿಕ್ಕಿದ್ದು ಬೂಟ್ ಪಾಲಿಶ್ ಡಬ್ಬಿ. ಒಳಗಿದ್ದ ನಿಕಲ್-ಕ್ಯಾಡ್ಮಿಯಂ ಕೋಶಗಳನ್ನು ಹೊರಗಿನ ಸುರುಳಿಯೊಂದನ್ನು ಚರ್ಮದ ಮೇಲಿಟ್ಟು ಪುನಃ ತುಂಬಿಸಬೇಕಿತ್ತು, ಅಂದರೆ ಜಗತ್ತಿನ ಮೊದಲ ಅಳವಡಿತ ಪೇಸ್‌ಮೇಕರ್ರೇ ತಂತಿಯಿಲ್ಲದ ಚಾರ್ಜಿಂಗ್‌ನದು. ಮೊದಲ ಸಾಧನ ಕೆಲವೇ ಗಂಟೆ ನಡೆಯಿತು, ಬದಲಿ ಹಾಕಿದರು. ಲಾರ್ಸನ್ ಮುಂದೆ ಒಟ್ಟು 26 ಸಾಧನಗಳನ್ನು ಕಂಡು, ವೈದ್ಯ-ಎಂಜಿನಿಯರ್ ಇಬ್ಬರಿಗಿಂತಲೂ ಹೆಚ್ಚು ಬಾಳಿ, 2001ರಲ್ಲಿ ತೀರಿಕೊಂಡರು. ಇಂದು ಬೆನ್ನುಹುರಿಯ ನೋವಿಗೆ, ಪಾರ್ಕಿನ್ಸನ್ ಕಾಯಿಲೆಗೆ ಹಾಕುವ ಕೆಲವು ಸಾಧನಗಳನ್ನು ಹೀಗೇ ಸುರುಳಿಯಿಟ್ಟು ಚಾರ್ಜ್ ಮಾಡುತ್ತಾರೆ. ಆಗ ಕಾಂತಕ್ಷೇತ್ರ ಟೈಟಾನಿಯಂ ಕವಚದಲ್ಲಿ ಸುಳಿಪ್ರವಾಹ ಹುಟ್ಟಿಸಿ ಕವಚವನ್ನೇ ಬೆಚ್ಚಗಾಗಿಸುತ್ತದೆ. ಅಳವಡಿಕೆ ಸಾಧನದ ಹೊರಮೈ ದೇಹದ 37 ಡಿಗ್ರಿಗಿಂತ 2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರಬಾರದೆಂಬ ಅಂತರರಾಷ್ಟ್ರೀಯ ಮಾನದಂಡ ಇರುವುದರಿಂದ, ಚಾರ್ಜರ್‌ಗಳು ಉಷ್ಣಾಂಶ ನೋಡಿಕೊಂಡು ತಾವೇ ನಿಧಾನಿಸುತ್ತವೆ. ನಿಮ್ಮ ತಂದೆಯವರದು ಚಾರ್ಜ್ ಮಾಡುವ ಮಾದರಿಯಲ್ಲ. ಸಾಮಾನ್ಯ ಪೇಸ್‌ಮೇಕರ್‌ಗಳಿಗೆ ಆ ಗೊಡವೆ ಇಲ್ಲ.

ಡಯಾಥರ್ಮಿಯ ಕಥೆ ಹೀಗಲ್ಲ. ನಮ್ಮ ಊರುಗಳ ಫಿಸಿಯೊಥೆರಪಿ ಕೋಣೆಗಳಲ್ಲಿ ಮೂಲೆಯಲ್ಲಿ ಚಕ್ರದ ಮೇಲೆ ನಿಂತಿರುವ, ಎರಡು ಉದ್ದ ತೋಳಿನ ತುದಿಗೆ ತಟ್ಟೆಗಳಿರುವ ಯಂತ್ರವನ್ನು ನೀವು ನೋಡಿರಬಹುದು. ಅದು 27.12 ಮೆಗಾಹರ್ಟ್ಸ್ ರೇಡಿಯೊ ಶಕ್ತಿಯನ್ನು ಮೈಯೊಳಗೆ ಹಾಯಿಸುತ್ತದೆ. ಇಲ್ಲಿ ಮೊತ್ತ ಮೈಕ್ರೋವ್ಯಾಟ್‌ಗಳಲ್ಲಿಲ್ಲ, ಹತ್ತಾರು ವ್ಯಾಟ್‌ಗಳಲ್ಲಿದೆ, ಏಕೆಂದರೆ ಒಳಗಿನ ಸ್ನಾಯುವನ್ನು ಬಿಸಿ ಮಾಡುವುದೇ ಅದರ ಉದ್ದೇಶ. ಲೋಹವಿಲ್ಲದ ಮೈಯಲ್ಲಿ ಆ ಶಾಖ ಹರಡಿಕೊಂಡು ಹಿತವಾಗಿರುತ್ತದೆ. ಪೇಸ್‌ಮೇಕರ್ ಇರುವ ಮೈಯಲ್ಲಿ ಚರ್ಮದಡಿಯಿಂದ ಹೃದಯದವರೆಗೆ 52 ಅಥವಾ 58 ಸೆಂ.ಮೀ. ಉದ್ದದ ತಂತಿ, ಅಂದರೆ ಲೀಡ್, ಹೋಗಿರುತ್ತದೆ. ಆ ಆವೃತ್ತಿಯ ತರಂಗ ಗಾಳಿಯಲ್ಲಿ 11 ಮೀಟರ್ ಉದ್ದವಾದರೂ ಸ್ನಾಯುವಿನೊಳಗೆ ಮೀಟರಿಗಿಂತ ಎಷ್ಟೋ ಕಡಿಮೆಗೆ ಕುಗ್ಗಿ, ಲೀಡಿನ ಉದ್ದಕ್ಕೆ ಹೋಲಿಸಬಹುದಾದಷ್ಟು ಆಗುತ್ತದೆ. ಆಗ ಲೀಡ್ ಒಳ್ಳೆಯ ಆಂಟೆನಾ ಆಗಿಬಿಡುತ್ತದೆ. ಅದು ತನ್ನ ಉದ್ದಕ್ಕೂ ಸಂಗ್ರಹಿಸಿದ ವಿದ್ಯುತ್ತೆಲ್ಲ ಹೊರಬೀಳುವುದು ಹೃದಯದ ಸ್ನಾಯುವಿಗೆ ಚುಚ್ಚಿಕೊಂಡಿರುವ ಕೆಲವೇ ಚದರ ಮಿಲಿಮೀಟರ್‌ಗಳ ತುದಿಯಲ್ಲಿ. ಸೂರ್ಯನ ಬಿಸಿಲು ಭೂತಗನ್ನಡಿಯಲ್ಲಿ ಒಂದು ಚುಕ್ಕೆಗೆ ಇಳಿದ ಹಾಗೆ.

ಪಾರ್ಕಿನ್ಸನ್ ಕಾಯಿಲೆಗೆ ಮೆದುಳಿನಲ್ಲಿ ಉದ್ದೀಪಕ ಹಾಕಿಸಿಕೊಂಡಿದ್ದ ಒಬ್ಬ ರೋಗಿಗೆ ಬಾಯಿಯ ಶಸ್ತ್ರಚಿಕಿತ್ಸೆಯ ನಂತರ ದವಡೆಗೆ ಡಯಾಥರ್ಮಿ ಕೊಟ್ಟಾಗ, ವಿದ್ಯುದಾಗ್ರಗಳ ಸುತ್ತಲಿನ ಮೆದುಳು ಶಾಶ್ವತವಾಗಿ ಸುಟ್ಟುಹೋದದ್ದು 2001ರಲ್ಲಿ ವರದಿಯಾಯಿತು. ಇಂಥ ಘಟನೆಗಳ ನಂತರ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರ ಡಿಸೆಂಬರಿನಲ್ಲಿ, ಲೀಡ್ ಇರುವ ಯಾವುದೇ ಸಾಧನ ಧರಿಸಿದವರಿಗೆ ಶಾರ್ಟ್‌ವೇವ್ ಮತ್ತು ಮೈಕ್ರೋವೇವ್ ಡಯಾಥರ್ಮಿ ಕೊಡಬಾರದೆಂದು ಎಚ್ಚರಿಕೆ ಹೊರಡಿಸಿತು. ಸಾಧನವನ್ನು ಆರಿಸಿಟ್ಟರೂ ಅಪಾಯ ತಪ್ಪುವುದಿಲ್ಲ, ಏಕೆಂದರೆ ಬಿಸಿಯಾಗುವುದಕ್ಕೆ ತಂತಿ ಸಾಕು; ಬ್ಯಾಟರಿ ಬೇಕಾಗಿಲ್ಲ. ಚಿಕಿತ್ಸಕರು ‘ಭುಜಕ್ಕೆ ಮಾತ್ರ, ಎದೆಗಲ್ಲವಲ್ಲ’ ಎನ್ನಬಹುದು. ನಿಮ್ಮ ತಂದೆಯವರ ಎಡ ಭುಜಕ್ಕೂ ಲೀಡ್ ರಕ್ತನಾಳದೊಳಗೆ ಹೊಕ್ಕ ಜಾಗಕ್ಕೂ ನಡುವೆ ಒಂದು ಗೇಣು ದೂರವೂ ಇರಲಿಕ್ಕಿಲ್ಲ. ನರಗಳಿಗೆ ಸಣ್ಣ ಮಿಡಿತ ಕೊಡುವ ಟೆನ್ಸ್ ಯಂತ್ರದ ಸಮಸ್ಯೆ ಶಾಖವಲ್ಲ. ಅದರ ಮಿಡಿತವನ್ನು ಪೇಸ್‌ಮೇಕರ್ ಹೃದಯದ ಮಿಡಿತವೆಂದು ತಪ್ಪು ತಿಳಿದು ಸುಮ್ಮನಾಗಿಬಿಡಬಹುದು. ಅದನ್ನೂ ಹೃದ್ರೋಗ ತಜ್ಞರನ್ನು ಕೇಳದೆ ಬೇಡ.

ಎಂಆರ್‌ಐ ಯಂತ್ರದಲ್ಲೂ ಇದೇ ಭೌತಶಾಸ್ತ್ರ. 1.5 ಟೆಸ್ಲಾ ಯಂತ್ರದ ರೇಡಿಯೊ ಆವೃತ್ತಿ 64 ಮೆಗಾಹರ್ಟ್ಸ್. ಅಲ್ಲಿಯೂ ಲೀಡಿನ ತುದಿಯೇ ಚಿಂತೆಯ ಜಾಗ. ಈಗಿನ ಬಹಳಷ್ಟು ಪೇಸ್‌ಮೇಕರ್‌ಗಳು ನಿರ್ದಿಷ್ಟ ಷರತ್ತುಗಳಲ್ಲಿ ಎಂಆರ್‌ಐಗೆ ಒಗ್ಗುವಂಥವು. ಆದರೆ ಆ ಒಪ್ಪಿಗೆ ಸಾಧನ ಮತ್ತು ಲೀಡ್ ಎರಡೂ ಸೇರಿದ ಜೋಡಿಗೆ ಇರುವುದು. ಹೊಸ ಪೇಸ್‌ಮೇಕರ್‌ಗೆ ಹಳೆಯ ಲೀಡ್ ಜೋಡಿಸಿದ್ದರೆ ಅಥವಾ ಬಿಟ್ಟುಹೋದ ಲೀಡ್ ತುಂಡು ಒಳಗಿದ್ದರೆ ಲೆಕ್ಕವೇ ಬೇರೆ. ಅಳವಡಿಸಿದ ಮೇಲೆ ಸಾಮಾನ್ಯವಾಗಿ ಆರು ವಾರ ಕಾಯಲು ಹೇಳುತ್ತಾರೆ.

ಮೊಬೈಲ್ ಫೋನಿನ ವಿಷಯದಲ್ಲಿ ಜನ ತರಂಗಕ್ಕೆ ಹೆದರುತ್ತಾರೆ, ಅಯಸ್ಕಾಂತವನ್ನು ಮರೆಯುತ್ತಾರೆ. ಪೇಸ್‌ಮೇಕರ್‌ಗಳು ಬಲವಾದ ಅಯಸ್ಕಾಂತವನ್ನು ಎದೆಯ ಮೇಲಿಟ್ಟಾಗ ಬೇರೆ ವಿಧಾನಕ್ಕೆ ಹೊರಳುವಂತೆ ಬೇಕೆಂದೇ ರೂಪಿಸಲ್ಪಟ್ಟಿವೆ. ಅದು ವೈದ್ಯರ ಅನುಕೂಲಕ್ಕಾಗಿ. ಅಂಗಾಂಶ ಸ್ಥಿರ ಕಾಂತಕ್ಷೇತ್ರವನ್ನು ಕಿಂಚಿತ್ತೂ ತಡೆಯುವುದಿಲ್ಲ. ಹಿಂಬದಿಯಲ್ಲಿ ಅಯಸ್ಕಾಂತಗಳ ಉಂಗುರವಿದ್ದ ಐಫೋನ್ 12 ಅನ್ನು ಎದೆಯ ಮೇಲೆ ಹಿಡಿದಾಗ, ಆಘಾತ ಕೊಡುವ ಡಿಫಿಬ್ರಿಲೇಟರ್ ಸಾಧನವೊಂದು ತನ್ನ ಚಿಕಿತ್ಸೆಯನ್ನೇ ತಡೆಹಿಡಿದದ್ದನ್ನು 2021ರಲ್ಲಿ ಅಮೆರಿಕದ ವೈದ್ಯರು ದಾಖಲಿಸಿದರು. ಫೋನನ್ನು ಎಡಗಡೆಯ ಜೇಬಿನಲ್ಲಿ ಇಡದೆ, ಸಾಧನದಿಂದ 15 ಸೆಂ.ಮೀ. ದೂರದಲ್ಲಿ, ಬಲಗಿವಿಗೆ ಹಿಡಿದು ಮಾತನಾಡಿದರೆ ಸಾಕು. ಇಂಡಕ್ಷನ್ ಒಲೆಯಿಂದ ಎರಡು ಅಡಿ, ಅಂದರೆ 60 ಸೆಂ.ಮೀ. ದೂರ ನಿಂತರೆ ಸಾಕು. ಒಲೆಯ ಮೇಲೆ ಬಾಗಿ ಪಾತ್ರೆಯೊಳಗೆ ಇಣುಕುವ ಅಭ್ಯಾಸವಿದ್ದರೆ ಬಿಡಿಸಿ.

ಹೊರಗಿನವರು ರೇಡಿಯೊ ಮೂಲಕ ಸಾಧನದೊಳಗೆ ನುಗ್ಗಬಹುದೇ ಎಂಬುದನ್ನು ನೀವು ಕೇಳಿಲ್ಲ, ಆದರೂ ಒಂದು ಮಾತು. ಮೈ ಸಂಕೇತವನ್ನು ನುಂಗುತ್ತದೆ, ದೂರದವರಿಗೆ ಕೇಳದು ಎಂಬುದು ಬೀಗವಲ್ಲ. 2017ರಲ್ಲಿ ಅಮೆರಿಕದಲ್ಲಿ ಸುಮಾರು 4,65,000 ಪೇಸ್‌ಮೇಕರ್‌ಗಳಿಗೆ ಇದೇ ಕಾರಣಕ್ಕೆ ತಂತ್ರಾಂಶ ನವೀಕರಣ ಬೇಕಾಯಿತು. ತಪಾಸಣೆಗೆ ಹೋದಾಗ ನವೀಕರಣ ಬಾಕಿ ಇದೆಯೇ ಎಂದು ಕೇಳಿ.

ಮೈಯ ಉಪ್ಪುನೀರು ಸದಾ ಶತ್ರುವೇ ಆಗಿರಬೇಕಾಗಿಲ್ಲ ಎಂಬುದಕ್ಕೆ ಈಚಿನ ಒಂದು ಉದಾಹರಣೆ ನನಗೆ ಬಹಳ ಇಷ್ಟ. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಒಂದು ವ್ಯವಸ್ಥೆಯಲ್ಲಿ ಹೃದಯದ ಮೇಲಿನ ಕೋಣೆಯಲ್ಲೊಂದು, ಕೆಳಗಿನ ಕೋಣೆಯಲ್ಲೊಂದು ಲೀಡ್ ಇಲ್ಲದ ಪುಟ್ಟ ಪೇಸ್‌ಮೇಕರ್‌ಗಳಿವೆ. ಇವೆರಡೂ ಪ್ರತಿ ಬಡಿತಕ್ಕೂ ಪರಸ್ಪರ ಸುದ್ದಿ ಹೇಳಬೇಕು. ಪ್ರತಿ ಬಡಿತಕ್ಕೆ ರೇಡಿಯೊ ಎಬ್ಬಿಸಿದರೆ ಬ್ಯಾಟರಿ ಉಳಿಯದು. ಆದ್ದರಿಂದ ಅವು ಆಂಟೆನಾವನ್ನೇ ಬಿಟ್ಟು, ಹೃದಯವನ್ನು ಪ್ರಚೋದಿಸದಷ್ಟು ಸಣ್ಣ ವಿದ್ಯುತ್ ಮಿಡಿತಗಳನ್ನು ರಕ್ತ ಮತ್ತು ಹೃದಯದ ಸ್ನಾಯುವಿನ ಮೂಲಕವೇ ಹರಿಸಿ ಮಾತನಾಡಿಕೊಳ್ಳುತ್ತವೆ. ರೇಡಿಯೊಗೆ ಅಡ್ಡಗೋಡೆಯಾಗಿದ್ದ ಅದೇ ವಾಹಕತೆ ಇಲ್ಲಿ ತಂತಿಯಾಗಿದೆ.

ನಿಮ್ಮ ಮನೆಯ ಮಟ್ಟಿಗೆ ಈ ವಾರ ಮಾಡಬೇಕಾದದ್ದು ಇಷ್ಟು. ಪೆಟ್ಟಿಗೆಯನ್ನು ತಂದೆಯವರ ಮುಖದ ಕಡೆಗೆ ಸರಿಸಿ, ಮೊಬೈಲ್ ಸಂಕೇತದ ಗೆರೆಗಳನ್ನು ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ, ಅಮ್ಮನವರಿಗೆ ಮೇಲಿನ ಲೆಕ್ಕವನ್ನು ಓದಿ ಹೇಳಿ, ನಾಲ್ಕೈದು ರಾತ್ರಿ ಪೆಟ್ಟಿಗೆ ಆರದಂತೆ ನೋಡಿಕೊಳ್ಳಿ. ಆಮೇಲೂ ಮಾಹಿತಿ ಹೋಗದಿದ್ದರೆ ಪೆಟ್ಟಿಗೆಯ ಹಿಂದಿರುವ ಕ್ರಮಸಂಖ್ಯೆಯನ್ನೂ ಬರೆದಿಟ್ಟ ಆ ಗೆರೆಗಳ ಲೆಕ್ಕವನ್ನೂ ಎದುರಿಗಿಟ್ಟುಕೊಂಡು ಕ್ಲಿನಿಕ್‌ಗೆ ಫೋನ್ ಮಾಡಿ. ಆಸ್ಪತ್ರೆಯವರು ಕೊಟ್ಟ ಪೇಸ್‌ಮೇಕರ್ ಗುರುತಿನ ಚೀಟಿಯ ಒಂದು ನಕಲನ್ನು ಫಿಸಿಯೊಥೆರಪಿಯವರ ಕೈಗೆ ಇಂದೇ ಕೊಟ್ಟುಬಿಡಿ.